ಪೆಪ್ಪರಮೆಂಟಿನ ಜಾಡಿಯ ಪೈನ್ ಗಿಡ

ಮೊನ್ನೆ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಯಲು ಬಂದಿದ್ದ ಪೇಂಟರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು. "ಇಲ್ಲಿ ಕೊಡಿ, ಮೂಸಿ ನೋಡ್ತೀನಿ" ಎಂದೆ. ಸೀಮೆಎಣ್ಣೆ ಬೆರೆಸಿದ್ದರೆ ಬಣ್ಣ ನಿಲ್ಲುವುದಿಲ್ಲ. "ಅಜ್ಜೀ, ಸೀಲು ಒಡೆದಿದ್ದೇ ಈಗ, ನಿಮ್ಮ ಕಣ್ಣೆದುರಿಗೆ" ಎಂದು ಅವರು ನಕ್ಕರು. ಸೀಲು ನಂಬಿ ಸಾಮಾನು ಕೊಂಡವಳಲ್ಲ ನಾನು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ಅಸಲಿ ಮಾಲೇ. ಆದರೆ ಆ ವಾಸನೆ ನನ್ನನ್ನು ಅಲ್ಲಿಂದ ಎತ್ತಿಕೊಂಡು ಹೋಗಿ ಅತ್ತಿಗುಂಡಿಯ ಮೇಲಿನ ಕಾಫಿ ಎಸ್ಟೇಟಿನಲ್ಲಿ, ಬೆಳ್ಳಿ ಎಂಬ ಆಳಿನ ಗೋಣಿಚೀಲದ ಬಾಯಿಯ ಮುಂದೆ ನಿಲ್ಲಿಸಿಬಿಟ್ಟಿತು. ಪೇಂಟರು ಎರಡು ಸಲ ಕೇಳಿದ ಮೇಲೆಯೇ ನಾನು ಡಬ್ಬಿ ವಾಪಸು ಕೊಟ್ಟೆನಂತೆ.

ನಾನು ಅಂಗಡಿಯವರ ಮನೆಯ ಮಗಳು. ಚಿಕ್ಕಮಗಳೂರು ಪೇಟೆಯಲ್ಲಿ ಅಪ್ಪನದು ದಿನಸಿ ಅಂಗಡಿ. ಮಾಲು ತಂದವರ ಮುಖ ನೋಡಬೇಡ, ಕೈ ನೋಡು ಎಂದು ಅಪ್ಪ ಹೇಳಿಕೊಟ್ಟಿದ್ದರು. ಮೆಣಸು ತಂದವನು ಪಪ್ಪಾಯಿ ಬೀಜ ಬೆರೆಸಿರುತ್ತಾನೆ, ತುಪ್ಪ ತಂದವಳು ಗಡಿಗೆಯ ತಳದಲ್ಲಿ ಬಾಳೆಹಣ್ಣು ಹಿಚುಕಿರುತ್ತಾಳೆ. ಅಪ್ಪ ಎಲ್ಲವನ್ನೂ ತಳದವರೆಗೆ ಕೈ ಹಾಕಿ ನೋಡುತ್ತಿದ್ದರು. ಪೆಪ್ಪರಮೆಂಟನ್ನು ಮಾತ್ರ ಗಾಜಿನ ಜಾಡಿಯಲ್ಲಿಟ್ಟು ಮಾರುತ್ತಿದ್ದರು. ಗಾಜು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಮಾತು. ನನ್ನ ಮದುವೆಯಾಗಿ ಗಂಡನ ಮನೆಗೆ ಹೊರಟಾಗ, ತಳ ಸೀಳಿದ್ದ ಅಂಥದೊಂದು ಜಾಡಿಯನ್ನು ಹುಣಿಸೆಹಣ್ಣಿಗಾಯಿತೆಂದು ನಾನೇ ಕೇಳಿ ತಂದುಕೊಂಡಿದ್ದೆ. ಆ ಜಾಡಿ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ನಮ್ಮವರು ಎಸ್ಟೇಟಿನ ನರ್ಸರಿ ರೈಟರು. ಎಂದರೆ ಸಸಿಮಡಿಗಳ ಲೆಕ್ಕ, ಆಳುಗಳ ಹಾಜರಿ ಎಲ್ಲ ಅವರದು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷ ಅದು. ಎಸ್ಟೇಟಿನ ನೆತ್ತಿಯ ಮೇಲೆ ಬೋಳು ಗುಡ್ಡ. ಆ ಗುಡ್ಡ ಇಳಿದು ಬರುವ ಗಾಳಿ ಕಾಫಿ ಗಿಡದ ಎಲೆಗಳನ್ನೆಲ್ಲ ಹರಿದು ಚಿಂದಿ ಮಾಡುತ್ತಿತ್ತು. ಅದನ್ನು ತಡೆಯಲು ಗುಡ್ಡದ ಉದ್ದಕ್ಕೂ ಪೈನ್ ಮರದ ಸಾಲು ಹಾಕಬೇಕೆಂದು ದೊರೆಗೆ ಹುಚ್ಚು ಹಿಡಿಯಿತು. ಬಿಳಿಯ ದೊರೆ. ಸದಾ ಜೇಬಿನಲ್ಲಿ ಮಡಿಸುವ ಅಡಿಕೋಲು ಇಟ್ಟುಕೊಂಡು ಕಂಡದ್ದನ್ನೆಲ್ಲ ಅಳೆಯುತ್ತಿದ್ದುದರಿಂದ ಕೂಲಿಗಳ ಲೈನ್ ಮನೆಗಳ ಜನ ಅವರಿಗೆ ಅಳತೆ ದೊರೆ ಎಂದು ಹೆಸರಿಟ್ಟಿದ್ದರು. ಪೈನ್ ಬೀಜ ಎಲ್ಲಿಂದಲೋ ಪಾರ್ಸೆಲ್ಲಿನಲ್ಲಿ ಬಂತು. ಶಿವರಾತ್ರಿ ಕಳೆದ ಮೇಲೆ ಕಾಫಿ ಸಸಿಮಡಿಗಳ ಪಕ್ಕದಲ್ಲೇ ಪಾತಿ ಮಾಡಿ ಬಿತ್ತಿಸಿದರು.

ಬೀಜ ಮೊಳೆತದ್ದು ನೋಡಲು ಚೆಂದವಿತ್ತು. ಬೆಂಕಿಕಡ್ಡಿ ನೆಟ್ಟ ಹಾಗೆ ಒಂದೊಂದು ಕಾಂಡ, ತಲೆಯ ಮೇಲೆ ಬೀಜದ ಸಿಪ್ಪೆಯ ಟೋಪಿ. ಟೋಪಿ ಬಿದ್ದ ಮೇಲೆ ಸುತ್ತಲೂ ಸೂಜಿಯಂಥ ಎಲೆ. ಕೆಲಸದ ಹೆಂಗಸರು ಅದಕ್ಕೆ ಸೂಜಿಗಿಡ ಎಂದರು. ಅಷ್ಟಕ್ಕೇ ಮುಗಿಯಿತು. ಮೃಗಶಿರ ಮಳೆ ಹಿಡಿದು ಬೇಲಿಯ ಕೋಲುಗಳೂ ಚಿಗುರುವ ಹೊತ್ತಿಗೆ ಈ ಗಿಡಗಳು ಕೂತುಬಿಟ್ಟವು. ಮಲೆನಾಡಿನಲ್ಲಿ ಬೆಳೆಯದ ಸಸಿಗೆ ಕೂತಿದೆ ಎನ್ನುತ್ತಾರೆ, ಸಾಯುವ ಮುಂಚಿನ ಮಾತು ಅದು. ಸೂಜಿಗಳೆಲ್ಲ ಮೊದಲು ಹಳದಿ, ಆಮೇಲೆ ತುದಿಯಲ್ಲಿ ನೇರಳೆ. ಪ್ರತಿ ಸೋಮವಾರ ದೊರೆ ಬಂದು ಬಗ್ಗಿ ಅಡಿಕೋಲು ಹಿಡಿಯುತ್ತಿದ್ದರು. ಹೋದ ಸೋಮವಾರದ ಗೆರೆಯನ್ನು ಒಂದು ಗಿಡವೂ ದಾಟಿರುತ್ತಿರಲಿಲ್ಲ. ಮೂರನೆಯ ಸೋಮವಾರವೋ ನಾಲ್ಕನೆಯದೋ, ಅವರು ನಮ್ಮವರಿಗೆ ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು: "ರೈಟರ್, ಮುಂದಿನ ಹೂ ಮಳೆ ಟೈಮಿಗೆ ಗಿಡ ಒಂದು ಗೇಣು ಆಗಬೇಕು. ಆಗಲಿಲ್ಲ, ಈ ನರ್ಸರಿ ಬಂದ್. ನೀನು ಗುಡ್ಡ ಇಳಿ."

ಕಾಫಿ ಹೂ ಬಿಡಿಸುವ ಮಳೆ ಮಾರ್ಚಿನ ಮೇಲೆ ಬರುವುದು. ಅಲ್ಲಿಯವರೆಗೆ ನಮಗೆ ಮನೆ, ಅಲ್ಲಿಯವರೆಗೆ ಅನ್ನ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕರೆದುಕೊಂಡು ಅಪ್ಪನ ಅಂಗಡಿಯ ಹಿಂಬಾಗಿಲಿನಲ್ಲಿ ನಿಲ್ಲುವ ಚಿತ್ರ ನನ್ನ ಕಣ್ಣ ಮುಂದೆ ಬಂತು.

ಅಲ್ಲಿಂದ ಶುರುವಾಯಿತು ನೋಡಿ ಅನುಮಾನದ ಸುಗ್ಗಿ. ಹೆಂಗಸರು ನೀರು ಹಾಕದೆ ಹಾಕಿದೆವೆನ್ನುತ್ತಾರೆಂದು ದೊರೆಗೆ ಅನುಮಾನ. ಪಾತಿ ಮಾಡುವಾಗ ಕಾವಲು ದೇವತೆ ಚೌಡಿಯ ಕಲ್ಲನ್ನು ಸರಿಸಿದ್ದಾರೆಂದು ಹೆಂಗಸರಿಗೆ ಅನುಮಾನ. ಬೀಜವನ್ನು ಹುರಿದು ಕಳಿಸಿದ್ದಾರೆಂದು ಮೇಸ್ತ್ರಿ ದ್ಯಾವಪ್ಪನಿಗೆ. ಕಾಫಿಯ ಜಾಗಕ್ಕೆ ಸೂಜಿಗಿಡ ಬಂದದ್ದು ಸಹಿಸದೆ ದ್ಯಾವಪ್ಪನೇ ಏನೋ ಮಾಡುತ್ತಿದ್ದಾನೆಂದು ನಮ್ಮವರಿಗೆ. ನನಗೆ ಈ ಎಲ್ಲರ ಮೇಲೂ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ನಮ್ಮ ನರ್ಸರಿಯಲ್ಲಿ ಕಾಮಾಲೆ ಇಲ್ಲದವರಿಗೂ ಹಳದಿಯೇ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದವನು ಬೆಳ್ಳಿ. ಹೆಸರು ಕೇಳಿ ಯಾರೋ ಹೆಣ್ಣಾಳು ಎಂದುಕೊಂಡಿದ್ದೆ. ನೋಡಿದರೆ ಬಿಳಿಯ ಮುಂಡಾಸಿನ, ಎತ್ತರದ ಗಂಡಸು. ನೀಲಗಿರಿಯ ಬಡಗ ಜನದವನು. ಅಲ್ಲಿ ಪೈನ್ ಮರ ಬೇಕಾದಷ್ಟಿವೆಯೆಂದು ದೊರೆ ತಮ್ಮ ಗೆಳೆಯರೊಬ್ಬರಿಂದ ಒಂದು ಬುಟ್ಟಿ ಸಸಿ ತರಿಸಿದ್ದರು. ಅದನ್ನು ಕಾದುಕೊಂಡು ತಂದವನು ಇವನು. ಬಸ್ಸು, ಎತ್ತಿನಗಾಡಿ ಎಂದು ದಾರಿಯಲ್ಲೇ ದಿನ ಕಳೆದು ಸಸಿಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ಉಳಿದದ್ದು ಬೆಳ್ಳಿ ಮತ್ತು ಸಸಿಯ ಬೇರಿಗೆ ಒತ್ತಲೆಂದು ಅವನು ಗೋಣಿಚೀಲದಲ್ಲಿ ತಂದಿದ್ದ ಕಪ್ಪು ಮಣ್ಣು. ಪೈನ್ ಕಂಡ ಊರಿನವನು, ಇರಲಿ ಎಂದು ದೊರೆ ಅವನನ್ನು ಕೆಲಸಕ್ಕೆ ಇಟ್ಟುಕೊಂಡರು. ಪಾಪ, ಅವನಿಗೆ ಗೊತ್ತಿದ್ದದ್ದು ಆಲೂಗಡ್ಡೆ. ಪೈನ್ ಗಿಡವನ್ನು ಏನು ಮಾಡಬೇಕೆಂದು ಕೇಳಿದರೆ, "ನಮ್ಮಲ್ಲಿ ಅದು ಸುಮ್ನೆ ಬೆಳೀತದೆ" ಎನ್ನುತ್ತಿದ್ದ. ಅವನ ಮಾತು ನಮ್ಮ ಮಾತೇ, ಆದರೆ ಬೇರೆ ಯಾರೋ ಮಡಿಸಿಟ್ಟ ಹಾಗೆ. ಅವ್ವ ಎನ್ನುವಲ್ಲಿ ಅವ್ವೆ ಎನ್ನುತ್ತಿದ್ದ.

ಆ ಚೀಲವನ್ನು ಅವನು ಬಿಸಾಡಲಿಲ್ಲ. ಲೈನ್ ಮನೆಯಲ್ಲಿ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದ. ಕೆಲಸ ಬಿಟ್ಟು ಹೋದವನು ಮೊದಲು ಅದರ ಬಾಯಿ ಬಿಚ್ಚುತ್ತಿದ್ದ, ಮೂಗು ಹತ್ತಿರ ಹಿಡಿಯುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಪಕ್ಕದ ಮನೆಯ ಸಣ್ಣಿ ಇದನ್ನು ಗೋಡೆಯ ಸಂದಿಯಿಂದ ನೋಡಿದಳು. ಮರುದಿನ ಬೆಳಿಗ್ಗೆ ಹೆಂಗಸರು ನರ್ಸರಿಗೆ ಕಾಲಿಡದೆ ನಮ್ಮ ಮನೆಯ ಮುಂದೆ ಬಂದು ನಿಂತರು.

"ಅದು ಮಸಣದ ಮಣ್ಣು ರೈಟರಮ್ಮ" ಎಂದಳು ಸಣ್ಣಿ. "ಕರ್‍ರಗಿದೆ, ಎಂತದೋ ಔಷಧಿ ವಾಸನೆ. ದಿನಾ ಅದರ ಹತ್ರ ಮಾತಾಡ್ತಾನೆ. ಅವ್ನು ಬಂದ್ಮೇಲೆ ನನ್ನ ಕೂಸಿಗೆ ಜ್ವರ ಬಿಟ್ಟಿಲ್ಲ. ಆ ಚೀಲ ಲೈನಿಂದ ಆಚೆ ಹೋಗ್ದೆ ನಾವು ಪಾತಿ ಮುಟ್ಟದಿಲ್ಲ."

ನನಗೂ ಆ ಚೀಲದ ಮೇಲೆ ಕಣ್ಣಿತ್ತು. ಸುಳ್ಳು ಯಾಕೆ ಹೇಳಲಿ. ಮಣ್ಣಿಗಾಗಿ ಯಾರಾದರೂ ಹಾಗೆ ಕಾವಲು ಕೂರುತ್ತಾರೆಯೆ? ಒಳಗೆ ಬೇರೇನೋ ಇದೆ ಎಂದೇ ನನ್ನ ಲೆಕ್ಕ. ನಮ್ಮವರು ಬೆಳ್ಳಿಯನ್ನು ಕರೆಸಿ ಚೀಲ ತರಿಸಿದರು. ಎಲ್ಲರೆದುರಿಗೆ ನಾನು ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಹಾಕಿ ಹುಡುಕಿದೆ. ಮಣ್ಣು, ಅರೆ ಕೊಳೆತ ಸೂಜಿ ಎಲೆ, ಮೂಗಿಗೆ ಹತ್ತುವ ಟರ್ಪೆಂಟೈನ್ ವಾಸನೆ. ಇನ್ನೇನೂ ಇಲ್ಲ. ಆದರೂ ಹೆಂಗಸರು ಜಗ್ಗಲಿಲ್ಲ.

"ಎಲ್ಲಾದ್ರೂ ಸುರಿದುಬಿಡು ಮಾರಾಯ" ಎಂದರು ನಮ್ಮವರು. "ಒಂದು ಚೀಲ ಮಣ್ಣಿಗೆ ಇಷ್ಟು ರಾಮಾಯಣ ಯಾಕೆ?"

ಬೆಳ್ಳಿಯ ಮುಖ ಕೆಂಪಗಾಯಿತು. ಚೀಲ ಹೆಗಲಿಗೇರಿಸಿಕೊಂಡು ನೇರ ನರ್ಸರಿಗೆ ನಡೆದ. ಹಿಂದೆಯೇ ನಾವೆಲ್ಲ. ಎಲ್ಲಕ್ಕಿಂತ ಹೆಚ್ಚು ಹಳದಿಯಾಗಿದ್ದ ಮೂಲೆ ಪಾತಿಯ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. "ತಗೊಳ್ಳಿ. ನಿಮ್ಮ ಕಣ್ಣೆದುರೇ ಇರಲಿ. ಕಾಯ್ತಾ ಕೂತ್ಕೊಳ್ಳಿ" ಎಂದು ಖಾಲಿ ಚೀಲವನ್ನು ನಮ್ಮವರ ಕಾಲ ಹತ್ತಿರ ಎಸೆದು ಹೋದ. ಪುನರ್ವಸು ಮಳೆ ಜೋರಾಗಿ ಹೊಡೆಯುತ್ತಿತ್ತು. ಆ ಮಣ್ಣು ಕರಗಿ ಪಾತಿಯೊಳಗೆ ಇಳಿದುಹೋಯಿತು.

ಮುಂದೆ ಮಖೆ ಮಳೆ ಮುಗಿಯುವ ಹೊತ್ತಿಗೆ ಮೂಲೆ ಪಾತಿಯ ಗಿಡಗಳು ಹಸಿರಾಗತೊಡಗಿದವು. ಎತ್ತರ ಮಾತ್ರ ಅಷ್ಟೇ, ದೊರೆಯ ಕೋಲಿಗೆ ಏನೂ ಕಾಣಲಿಲ್ಲ. ಆದರೆ ಹಸಿರು ಎಂದರೆ ಕಣ್ಣಿಗೆ ಹೊಡೆಯುವ ಹಸಿರು. ಉಳಿದ ಪಾತಿಗಳಲ್ಲಿ ಗಿಡ ಸಾಯುತ್ತಿದ್ದರೆ ಇದೊಂದೇ ಪಾತಿ ಹೀಗೆ. ಸಂತೋಷ ಪಡಬೇಕಾದ ವಿಷಯ ತಾನೆ? ಸಂತೋಷಪಟ್ಟವರು ಯಾರೂ ಇಲ್ಲ. "ಆ ಬೆಳ್ಳಿ ಬೇರೆ ಪಾತಿ ಗೊಬ್ಬರ ಕದ್ದು ಅಲ್ಲಿಗೆ ಹಾಕ್ತಿದಾನೆ" ಎಂದ ದ್ಯಾವಪ್ಪ. "ಬೇರೆ ಗಿಡದ ಜೀವ ಎಳೆದು ಅದಕ್ಕೆ ತುಂಬ್ತಿದೆ" ಎಂದಳು ಸಣ್ಣಿ. ಬೆಳ್ಳಿಯಂತೂ ಆ ಪಾತಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ಇನ್ನೂ ದೊಡ್ಡ ಅನುಮಾನಕ್ಕೆ ಕಾರಣವಾಯಿತು.

ನಾನು ಯಾರ ಮಾತನ್ನೂ ನಂಬಲಿಲ್ಲ. ಮೇಲಿನದು ಏನೇ ಇರಲಿ, ತಳ ನೋಡಬೇಕು. ಅಪ್ಪನ ಪಾಠ. ಒಂದು ಸಂಜೆ ಪಾತಿಯ ಅಂಚಿನಿಂದ ಒಂದು ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎಬ್ಬಿಸಿಕೊಂಡು ಬಂದೆ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು, ಆದ್ದರಿಂದ ಆ ಬಗ್ಗೆ ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಹುಣಿಸೆಹಣ್ಣಿನ ಜಾಡಿ ಖಾಲಿ ಮಾಡಿ ಅದರಲ್ಲಿ ಗಿಡವನ್ನು ಗಾಜಿಗೆ ತಾಗಿಸಿ ನೆಟ್ಟೆ. ತಳದ ಸೀಳಿನಿಂದ ನೀರು ಇಳಿದುಹೋಗುತ್ತಿತ್ತು. ಅದರ ಪಕ್ಕಕ್ಕೆ, ಅದೇ ಮಣ್ಣಿಗೆ, ಕಾಫಿ ಗಿಡದ ಬುಡದಲ್ಲಿ ತಾನಾಗಿ ಹುಟ್ಟಿದ್ದ ಒಂದು ಪುಟ್ಟ ಕಾಫಿ ಸಸಿಯನ್ನೂ ಕೂರಿಸಿದೆ. ಮಣ್ಣಿನಲ್ಲಿ ವಿಷವಿದ್ದರೆ ಅದಾದರೂ ಹೇಳಲಿ ಎಂದು. ಯಾರ ಕಣ್ಣಿಗೂ ಬೀಳಬಾರದೆಂದು ಜಾಡಿಗೆ ಹಳೆಯ ಕೊಡೆಯ ಕಪ್ಪು ಬಟ್ಟೆ ಸುತ್ತಿ ಹಿತ್ತಿಲ ಒಗೆಯುವ ಕಲ್ಲಿನ ಹಿಂದೆ ಇಟ್ಟೆ. ಬೇರಿಗೂ ಕತ್ತಲೆಯೇ ಬೇಕಾಗಿತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ಕೆಲವೇ ದಿನಗಳಲ್ಲಿ ದ್ಯಾವಪ್ಪನೂ ತಳ ನೋಡಲು ಹೋದ. ಅವನು ನೋಡಿದ ರೀತಿ ಬೇರೆ. ಮೂಲೆ ಪಾತಿಯ ಒಂದು ಗಿಡವನ್ನು ಕಿತ್ತು ಬೇರು ಕೊಡವಿದ. ಕೊಡವಿದವನು ಅಲ್ಲಿಂದಲೇ ಕೂಗಿದ.

"ಬೇರು ರೋಗ! ಅಯ್ಯೋ ರೈಟರೇ, ಬೇರು ರೋಗ! ಬನ್ನಿ ಇಲ್ಲಿ!"

ಕಾಫಿ ತೋಟದಲ್ಲಿ ಆ ಮಾತು ಕೇಳಿದರೆ ಹುಲಿ ಬಂತೆಂದು ಕೇಳಿದ ಹಾಗೆ. ಕಾಫಿಗೆ ಬೇರು ಕೊಳೆಯುವ ಕಾಯಿಲೆ ಬಂದರೆ ಬುಡದಲ್ಲಿ ಬೂಷ್ಟು ಕಾಣುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಮಣ್ಣಿನೊಳಗೇ ಹಬ್ಬಿ, ಕಣ್ಣ ಮುಂದೆ ತೋಟವೇ ಬೋಳಾಗುತ್ತದೆ. ಕಂಡ ತಕ್ಷಣ ಕಿತ್ತು ಸುಡಬೇಕು, ಸುತ್ತ ಚರಂಡಿ ತೋಡಬೇಕು, ಸುಣ್ಣ ಸುರಿಯಬೇಕು. ಕಾಫಿಯವರಿಗೆ ಹಾಲು ಕುಡಿಯುವ ವಯಸ್ಸಿನಿಂದಲೇ ಬಂದ ಪಾಠ ಇದು. ಆ ಪೈನ್ ಗಿಡದ ಬೇರಿನ ತುದಿಗಳಿಗೆಲ್ಲ ಹತ್ತಿ ಅಂಟಿದ ಹಾಗೆ ಬೆಳ್ಳನೆಯ ಬೂಷ್ಟು ಹತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಕಾಫಿಯವರಿಗೆ ಗೊತ್ತಿತ್ತು. ಬೆಳ್ಳಗಿರುವುದೆಲ್ಲ ವಿಷವೂ ಅಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ದೊರೆ ಬಂದವರು ಒಂದು ಸಲ ನೋಡಿದರು. ಪೈನಿನ ಮೇಲೆ ಆಸೆ ಎಷ್ಟಿದ್ದರೂ ಹೊಟ್ಟೆ ತುಂಬಿಸುವುದು ಕಾಫಿ. "ಸುಡಿ" ಎಂದರು.

ಹುಬ್ಬೆ ಮಳೆಯ ಬಿಡುವಿನಲ್ಲಿ ಮೂಲೆ ಪಾತಿಯನ್ನು ಅಗೆದು, ಹಸಿ ಗಿಡಗಳನ್ನು ಒಣ ಸೌದೆಯ ಮೇಲೆ ಹಾಕಿ ಸುಟ್ಟರು. ಎಸ್ಟೇಟಿನ ತುಂಬ ಟರ್ಪೆಂಟೈನ್ ಹೊಗೆ. ಗುಂಡಿಗೆ ಸುಣ್ಣ ತುಂಬಿದರು. ಬೇಕೆಂದೇ ರೋಗದ ಮಣ್ಣು ತಂದು ಕಾಫಿ ಹಾಳು ಮಾಡಲು ಬಂದವನು ಎಂದು ಬೆಳ್ಳಿಯ ಮೇಲೆ ಮಾತು ನಿಂತಿತು. ಅವನು ಒಂದೇ ಮಾತು ಹೇಳಿದ: "ಸುರಿಯೋಕೆ ಹೇಳಿದ್ದು ನೀವು." ಅದು ನಿಜವೇ. ನಿಜವಾಗಿದ್ದರಿಂದಲೇ ಎಲ್ಲರಿಗೂ ಸಿಟ್ಟು ಬಂತು. ಅವನು ಇನ್ನು ಗೇಟಿನೊಳಗೆ ಕಾಲಿಡಕೂಡದೆಂದು ದೊರೆ ವಾಚ್‌ಮನ್‌ಗೆ ಆರ್ಡರ್ ಕೊಟ್ಟರು.

ಹೊರಡುವ ಮುಂಚೆ ಬೆಳ್ಳಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನೀರು ಕೇಳಿದ. ತಂಬಿಗೆ ಕೊಟ್ಟು ಬಾಗಿಲಲ್ಲೇ ನಿಂತೆ. ನೀರು ಕುಡಿಯುತ್ತಿದ್ದವನು ನಡುವೆ ನಿಲ್ಲಿಸಿ ಗಾಳಿ ಮೂಸಿದ. ಕಣ್ಣು ಒಗೆಯುವ ಕಲ್ಲಿನ ಹಿಂದಕ್ಕೆ ಹೋಯಿತು. ಕಪ್ಪು ಬಟ್ಟೆ ಸುತ್ತಿದ ಜಾಡಿ, ಮೇಲೆ ಇಣುಕುತ್ತಿರುವ ಹಸಿರು ಸೂಜಿಗಳು. ಇವನು ಬಾಯಿ ಬಿಟ್ಟರೆ ನಮ್ಮ ಮನೆಯಲ್ಲೂ ರೋಗದ ಗಿಡ ಇದೆಯೆಂದು ನಾವೂ ಇವನ ಹಿಂದೆಯೇ ಗುಡ್ಡ ಇಳಿಯಬೇಕು.

"ಆ ಮಣ್ಣು ಯಾತರದ್ದಪ್ಪ? ನಿಜ ಹೇಳು" ಎಂದೆ.

"ನಮ್ಮ ಮನೆ ಹಿಂದಿನದು ಅವ್ವೆ. ಅಲ್ಲಿ ನಾಕು ಪೈನ್ ಮರ ಇದೆ. ನಾನು ಹುಟ್ಟಿದಾಗಿಂದ ಆ ವಾಸನೇಲಿ ಮಲಗಿದೋನು. ಇಲ್ಲಿ ನಿದ್ದೆ ಬರ್ತಿರಲಿಲ್ಲ. ಅಷ್ಟೇ."

ನಾನು ನಂಬಲಿಲ್ಲ. ವಾಸನೆಗಾಗಿ ಮಣ್ಣು ಇಟ್ಟುಕೊಳ್ಳುವವನು ಎಲ್ಲಿಯಾದರೂ ಉಂಟೆ? ಅವನು ತಂಬಿಗೆ ಕೆಳಗಿಟ್ಟು, ಜಾಡಿಯ ವಿಷಯ ಎತ್ತದೆ, ನಡೆದು ಹೋದ. ಇನ್ನೆಲ್ಲೋ ಹೋಗಿ ಹೇಳುತ್ತಾನೆಂದು ವಾರಗಟ್ಟಲೆ ಕಾದೆ. ಯಾರಿಗೂ ಹೇಳಿದ ಹಾಗೆ ಕಾಣಲಿಲ್ಲ.

ಆಮೇಲೆ ನನ್ನ ದಿನಚರಿಯಲ್ಲಿ ಒಂದು ಕೆಲಸ ಹೆಚ್ಚಾಯಿತು. ಮಧ್ಯಾಹ್ನ ನಮ್ಮವರು ಊಟ ಮುಗಿಸಿ ಹೋದ ಮೇಲೆ ಬಟ್ಟೆ ಸರಿಸಿ ಜಾಡಿ ನೋಡುವುದು. ಉತ್ತರೆ, ಹಸ್ತ, ಚಿತ್ತೆ ಎಂದು ಮಳೆ ಇಳಿಮುಖವಾಗುತ್ತಿತ್ತು. ಮೇಲೆ ಗಿಡ ಮೊಂಡು ಹಿಡಿದ ಮಗುವಿನ ಹಾಗೆ ಕೂತೇ ಇತ್ತು. ಕೆಳಗೆ ಮಾತ್ರ ಜಾತ್ರೆ. ಗಾಜಿಗೆ ಅಂಟಿಕೊಂಡು ಒಂದು ಬಿಳಿಯ ಬೇರು ಇಳಿಯಿತು, ಅದಕ್ಕೆ ಅಡ್ಡಲಾಗಿ ಕವಲು, ಕವಲಿಗೆ ಮರಿ ಕವಲು. ತುದಿಗಳೆಲ್ಲ ಎರಡೆರಡಾಗಿ ಸೀಳಿ ಮೊಂಡಾಗಿ, ಅವುಗಳ ಸುತ್ತ ಅದೇ ಬೂಷ್ಟು. ಬೂಷ್ಟಿನ ಎಳೆಗಳು ಬೇರು ಹೋಗದ ಕಡೆಗೂ ಜೇಡರ ಬಲೆಯಂತೆ ಹರಡಿದ್ದವು. ನೋಡಿದಾಗೆಲ್ಲ ಮೈ ಜುಮ್ಮೆನ್ನುತ್ತಿತ್ತು. ಇವತ್ತು ಬಿಸಾಡುತ್ತೇನೆ, ನಾಳೆ ಬಿಸಾಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆದರೆ ರೋಗದ ಗಿಡವೆಂದ ಮೇಲೆ ಒಂದು ಸೂಜಿಯಾದರೂ ಬಾಡಬೇಡವೆ? ಪಕ್ಕದ ಕಾಫಿ ಸಸಿಯ ಬೇರನ್ನು ಆ ಬೂಷ್ಟು ಮುಟ್ಟಿಯೂ ಇರಲಿಲ್ಲ. ಅದರ ಪಾಡಿಗೆ ಅದು ಜೋಡಿ ಎಲೆ ಬಿಡುತ್ತಿತ್ತು. ಮೋಸ ಎಲ್ಲಿದೆ ಎಂದು ಹುಡುಕಿ ಹುಡುಕಿ ನನಗೇ ಸುಸ್ತಾಯಿತು.

ಕಾಫಿ ಕೊಯ್ಲು ಬಂತು, ಚಳಿ ಬಂತು. ನರ್ಸರಿಯ ಉಳಿದ ಪೈನ್ ಪಾತಿಗಳು ಒಂದೊಂದಾಗಿ ಕೆಂಪಾಗಿ ಸತ್ತವು. ನಮ್ಮವರು ಟ್ರಂಕಿಗೆ ಏನೇನು ಹಿಡಿಸುತ್ತದೆ ಎಂದು ಒಂದು ದಿನ ಸುಮ್ಮನೆ ನೋಡುತ್ತ ಕುಳಿತಿದ್ದರು. ಆ ಚಳಿಯಲ್ಲಿ ಜಾಡಿಯ ಬೇರೂ ನಿಂತಿತು. ಬಿಳಿಯ ತುದಿಗಳು ಕಂದು ತಿರುಗಿದವು. ಆಯಿತು, ಇದೂ ಹೋಯಿತು ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಗಿಡದ ನೆತ್ತಿಯಲ್ಲಿ ಒಂದು ಮೊಗ್ಗು ಉಬ್ಬಿತು. ಶಿವರಾತ್ರಿಯ ಬಿಸಿಲಿಗೆ ಆ ಮೊಗ್ಗು ಮೇಣದಬತ್ತಿಯ ಹಾಗೆ ನೆಟ್ಟಗೆ ಎದ್ದಿತು. ದಿನ ಬೆಳಗಾದರೆ ಒಂದಿಷ್ಟು ಮೇಲೆ. ಮಳೆಗಾಲವೆಲ್ಲ ನೆಲದೊಳಗೆ ಕೂಡಿಟ್ಟದ್ದನ್ನು ಈಗ ಖರ್ಚು ಮಾಡುತ್ತಿದೆ ಎಂದು ಅಂಗಡಿಯವರ ಮಗಳಿಗೆ ಆಗ ಹೊಳೆಯಿತು. ಬೇರು ಓಡುವಾಗ ತಲೆ ನಿಲ್ಲುತ್ತದೆ, ತಲೆ ಏಳುವಾಗ ಬೇರು ನಿಲ್ಲುತ್ತದೆ. ದೊರೆಯ ಅಡಿಕೋಲು ಇಡೀ ಮಳೆಗಾಲ ತಪ್ಪು ಕಡೆ ಅಳೆದಿತ್ತು.

ಅಷ್ಟರಲ್ಲಿ ಅನುಮಾನ ತಿರುಗಿ ನನ್ನ ಬಾಗಿಲಿಗೇ ಬಂದಿತ್ತು. ರೈಟರಮ್ಮ ಹಿತ್ತಿಲಲ್ಲಿ ಕಪ್ಪು ಬಟ್ಟೆ ಸುತ್ತಿ ಏನೋ ಇಟ್ಟಿದ್ದಾಳೆ, ದಿನಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ ಎಂದು ಸಣ್ಣಿ ಕಂಡು, ದ್ಯಾವಪ್ಪನಿಗೆ ಹೇಳಿ, ದ್ಯಾವಪ್ಪ ನಮ್ಮವರಿಗೆ ಹೇಳಿದ. ಒಂದು ಮಧ್ಯಾಹ್ನ ಊಟ ಮುಗಿಸಿ ಹೋದ ಹಾಗೆ ಮಾಡಿ ನಮ್ಮವರು ಮನೆಯ ಹಿಂದಿನಿಂದ ಬಂದು ನಿಂತರು. ನಾನು ಬಟ್ಟೆ ಸರಿಸಿದ್ದೆ.

"ಇದೇನೇ ಇದು?"

"ನೀವೇ ನೋಡಿ."

ನೋಡಿದರು. ಬೂಷ್ಟು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. "ಸುಟ್ಟು ಹಾಕಿದ್ದನ್ನ ನೀನು ಮನೇಲಿ ಸಾಕಿಕೊಂಡಿದೀಯಾ? ದೊರೆಗೆ ಗೊತ್ತಾದ್ರೆ ಹೂ ಮಳೆತನಕವೂ ಕಾಯಲ್ಲ ಅವರು, ಇವತ್ತೇ ಇಳಿಸ್ತಾರೆ. ಎತ್ತಿ ಬಿಸಾಡು!"

"ಹೇಗೂ ಇಳಿಸ್ತಾರಲ್ಲ" ಎಂದೆ. "ಬಿಸಾಡೋಕೆ ಮುಂಚೆ ಗೇಣು ಹಾಕಿ ನೋಡಿ. ನಿಮ್ಮ ಕೈಯಲ್ಲೇ ಹಾಕಿ, ನನ್ನ ಕೈ ನಂಬಬೇಡಿ."

ಅವರು ಬಗ್ಗಿ ಹೆಬ್ಬೆರಳು ಬುಡಕ್ಕಿಟ್ಟು ಕೈ ಅಗಲಿಸಿದರು. ಕಿರುಬೆರಳಿಗಿಂತ ಮೇಲೆ ಇನ್ನೂ ಗಿಡವಿತ್ತು. ಇನ್ನೊಮ್ಮೆ ಹಾಕಿ ನೋಡಿದರು. ಪಕ್ಕದ ಕಾಫಿ ಸಸಿಯ ಎಲೆ ತಿರುವಿ ನೋಡಿದರು. ಕೊನೆಗೆ ಕಪ್ಪು ಬಟ್ಟೆ ಸುತ್ತಿ, ಜಾಡಿಯನ್ನು ಕಂಕುಳಲ್ಲಿ ಅವುಚಿಕೊಂಡು, ಬಂಗಲೆಯ ದಾರಿ ಹಿಡಿದರು. ನಾನು ಟ್ರಂಕಿನ ಬೀಗದ ಕೈ ಎಲ್ಲಿದೆ ಎಂದು ಹುಡುಕಿಟ್ಟುಕೊಂಡೆ.

ದೊರೆ ಬೈಯಲಿಲ್ಲವಂತೆ. ಜಾಡಿಯನ್ನು ವರಾಂಡದ ಮೇಜಿನ ಮೇಲಿಟ್ಟು ಭೂತಗನ್ನಡಿ ತರಿಸಿ ನೋಡಿದರಂತೆ. ಗಿಡ ಅಳೆದರಂತೆ. ಆಮೇಲೆ ಅಡಿಕೋಲನ್ನು ಮೊದಲ ಸಲ ಗಾಜಿಗೆ ಹಿಡಿದು ಬೇರು ಅಳೆದರಂತೆ. ಬೇರಿಗೆ ಕೋಲಿನ ಇನ್ನೊಂದು ಮಡಿಕೆಯನ್ನೂ ಬಿಚ್ಚಬೇಕಾಯಿತಂತೆ. ಮುಂದೆ ತಿಳಿದವರನ್ನು ವಿಚಾರಿಸಿದಾಗ, ಆ ಬೂಷ್ಟು ರೋಗವಲ್ಲ, ಪೈನ್ ಮರದ ಬುಡದ ಮಣ್ಣಿನಲ್ಲಿದ್ದು ಬೇರಿಗೆ ಸಾರ ಒದಗಿಸುವ ನಂಟ, ಅದಿಲ್ಲದ ನೆಲದಲ್ಲಿ ಪೈನ್ ಉಂಡರೂ ಮೈಗೆ ಹತ್ತುವುದಿಲ್ಲ ಎಂದು ಗೊತ್ತಾಯಿತು. ನರ್ಸರಿ ಉಳಿಯಿತು. ನಾವೂ ಉಳಿದೆವು. ಹೊಸ ಪಾತಿ ಮಾಡಿಸಿ, ನೀಲಗಿರಿಯ ಪೈನ್ ತೋಪಿನಿಂದ ಮಣ್ಣು ತರಿಸಲು ದೊರೆ ಏರ್ಪಾಡು ಮಾಡಿದರು. ಮಣ್ಣು ತರಿಸಿದರು, ಮನುಷ್ಯನನ್ನು ಕರೆಸಲಿಲ್ಲ. ಬೆಳ್ಳಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದೆ. "ಈಗ ಅದೆಲ್ಲ ಯಾಕೆ?" ಎಂದರು ನಮ್ಮವರು. ಅವರು ಹಾಗೆಂದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಘಮಘಮ ಎನ್ನುವಾಗ ಮಣ್ಣಿನ ಗಾಡಿ ಬಂತು. ಗೇಟಿನಲ್ಲಿ ಗಲಾಟೆ ಕೇಳಿಸಿ ಹೋಗಿ ನೋಡಿದರೆ ಚೀಲಗಳು ಒಳಗೆ ಬಂದಿವೆ, ತಂದವನು ಹೊರಗೆ ನಿಂತಿದ್ದಾನೆ. ಬಿಳಿಯ ಮುಂಡಾಸು. ಸಾಗಿಸುವ ಕೂಲಿಗೆಂದು ಕಂಟ್ರಾಕ್ಟರು ಕಳಿಸಿದ ಆಳು ಅವನು. ಹಳೆಯ ಆರ್ಡರನ್ನು ರದ್ದು ಮಾಡಲು ಯಾರಿಗೂ ನೆನಪಾಗಿರಲಿಲ್ಲ.

"ನಾನೆಂತ ಮಾಡ್ಲಿ ಅಮ್ಮ?" ಎಂದ ವಾಚ್‌ಮನ್. "ಇವ್ನು ಒಳಗೆ ಬರಬಾರದು ಅಂತ ದೊರೆ ಮಾತು. ಮಣ್ಣಿಗೆ ಅಡ್ಡಿ ಇಲ್ಲ."

"ಅವನು ತಂದ ಮಣ್ಣಿಗೆ ಬಾಗಿಲು ತೆಗೀತೀಯ, ಅವನಿಗೆ ತೆಗೆಯಲ್ವ? ಸರಿ ಪಕ್ಕಕ್ಕೆ. ದೊರೆ ಕೇಳಿದ್ರೆ ರೈಟರಮ್ಮ ತೆಗೆದಳು ಅನ್ನು." ಅಗುಳಿಯನ್ನು ನಾನೇ ಎಳೆದೆ. ನರ್ಸರಿಯ ಹೆಂಗಸರೆಲ್ಲ ನೋಡುತ್ತಿದ್ದರು. ಮಸಣದ ಮಣ್ಣೆಂದಿದ್ದ ಸಣ್ಣಿ, ಚೀಲದಿಂದ ಚೆಲ್ಲಿದ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ತುಂಬುತ್ತಿದ್ದವಳು ತಲೆ ತಗ್ಗಿಸಿದಳು.

ಬೆಳ್ಳಿ ಒಳಗೆ ಬಂದ. ನರ್ಸರಿಯ ಕಡೆ ನೋಡಲಿಲ್ಲ. "ಅದು ಇದೆಯಾ ಅವ್ವೆ?" ಎಂದ.

ಬಂಗಲೆಯಿಂದ ವಾಪಸು ಬಂದ ಗಿಡಕ್ಕೆ ಜಾಡಿ ಸಾಲದಾಗಿ, ಅದನ್ನು ಮಣ್ಣಿನ ಸಮೇತ ಹಿತ್ತಿಲಿಗೆ ಇಳಿಸಿದ್ದೆ. ಕರೆದುಕೊಂಡು ಹೋಗಿ ತೋರಿಸಿದೆ. ಅವನು ಗಿಡವನ್ನು ಮುಟ್ಟಲಿಲ್ಲ. ಕುಕ್ಕರಗಾಲಲ್ಲಿ ಕುಳಿತು, ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿ, ಮೂಗಿನ ಹತ್ತಿರ ತಂದು ಮೂಸಿದ. ನಾನು ಮಣ್ಣು ಬದಲಾಯಿಸಿರಬಹುದೆಂದು ಅವನಿಗೂ ಅನುಮಾನ. ಸಹಜವೇ. ಅವನ ಮುಖ ಸಡಿಲವಾಯಿತು. ಸೊಂಟದಿಂದ ಒಂದು ವಸ್ತ್ರ ಬಿಚ್ಚಿದ.

"ಒಂದು ಹಿಡಿ ತಗೋತೀನಿ."

"ಗಾಡಿ ತುಂಬ ತಂದಿದೀಯಲ್ಲೋ" ಎಂದೆ.

"ಅದು ಯಾರದೋ ತೋಪಿಂದು ಅವ್ವೆ. ನಮ್ಮ ಮನೆ ಹಿಂದಿನ ಮರ ನಾಕೂ ಕಡಿದುಬಿಟ್ರು, ನಾನು ಇಲ್ಲಿದ್ದಾಗಲೇ. ಬೇರು ಕಿತ್ತು ಆಲೂಗಡ್ಡೆ ಹಾಕಿದಾರೆ. ಆ ಮಣ್ಣು ಅಂತ ಇರೋದು ಇನ್ನು ಇದೊಂದೇ."

ಮೂಲೆ ಪಾತಿಯ ಸುಣ್ಣದ ಗುಂಡಿ ನನ್ನ ಕಣ್ಣ ಮುಂದೆ ಬಂತು. ಅವನು ಬೇರು ನೋಯದ ಹಾಗೆ, ಗಿಡದಿಂದ ದೂರದ ಅಂಚಿನಲ್ಲಿ ಕೆದಕಿ ಒಂದು ಹಿಡಿ ತೆಗೆದುಕೊಂಡ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಒಂದೇ ಹಿಡಿ. ಅದೂ ಪೂರ್ತಿ ತುಂಬಿದ ಹಿಡಿಯಲ್ಲ.

"ಇನ್ನೊಂದು ಹಿಡಿ ತಗೋಳಪ್ಪ" ಎಂದೆ.

ಅವನು ವಸ್ತ್ರವನ್ನು ಗಂಟು ಹಾಕಿದ. ತೆಗೆದ ಜಾಗವನ್ನು ಅಂಗೈಯಲ್ಲಿ ಒತ್ತಿ ಸಮ ಮಾಡಿದ.

"ಬೇಡ ಅವ್ವೆ" ಎಂದ. "ಗಿಡಕ್ಕೆ ಬೇಕು."